ಇಂದಿನಿಂದ ನಿಮ್ಮೂರಿನಲ್ಲಿ

ವ್ಯಾಪಾರಗಳಲ್ಲೆಲ್ಲ ಚಿತ್ರಮಂದಿರದ ವ್ಯಾಪಾರ ಒಂದು ಬಗೆಯಲ್ಲಿ ವಿಚಿತ್ರವಾದದ್ದು. ಜವಳಿಯಂಗಡಿಯವನು ಸೀರೆಯ ಮಡಿಕೆ ಬಿಚ್ಚಿ ಗಿರಾಕಿಯ ಮುಂದೆ ಹರವುತ್ತಾನೆ. ತರಕಾರಿಯವಳು ಬೆಂಡೆಕಾಯಿಯ ತುದಿ ಮುರಿದು ನೋಡಲು ಬಿಡುತ್ತಾಳೆ. ಚಿತ್ರಮಂದಿರದ ಯಜಮಾನನಿಗೆ ಆ ಅನುಕೂಲವಿಲ್ಲ. ಅವನ ಸರಕು ಕಾಣಿಸುವುದು ಬಾಗಿಲು ಮುಚ್ಚಿ ದೀಪ ಆರಿದ ಮೇಲೆ. ಅದೂ ದುಡ್ಡು ಕೊಟ್ಟು ಒಳಗೆ ಕುಳಿತವರಿಗೆ ಮಾತ್ರ. ಮೇಲಾಗಿ ಅದು ಇಂದು ಇದ್ದಂತೆ ಮುಂದಿನ ವಾರ ಇರುವುದಿಲ್ಲ. ಆದುದರಿಂದ ಯಾವ ಚಿತ್ರ, ಎಲ್ಲಿ, ಎಷ್ಟು ದಿನ ಎಂಬ ಮೂರು ಸಂಗತಿಗಳನ್ನು ಊರಿಗೆ ಮುಟ್ಟಿಸುವುದೇ ಅವನ ವ್ಯಾಪಾರದ ಅರ್ಧ ಭಾಗ. ಈ ಸುದ್ದಿ ಜನರಿಗೆ ಹೇಗೆ ಮುಟ್ಟುತ್ತಿತ್ತು, ಅದಕ್ಕಿಂತ ಮುಖ್ಯವಾಗಿ ಯಾರಿಗೆ ಮುಟ್ಟುತ್ತಿತ್ತು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ತೋರಿಸಿದರು. ಅದರ ಪ್ರಕಟಣೆ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಜಾಹೀರಾತಾಗಿ ಬಂತು. ಪ್ರವೇಶದರ ಒಂದು ರೂಪಾಯಿ. ಇಂಗ್ಲಿಷ್ ಓದಬಲ್ಲವರಿಗೆ, ಆ ಕಾಲದ ರೂಪಾಯಿಯನ್ನು ತೆರಬಲ್ಲವರಿಗೆ ಅಷ್ಟು ಸಾಕಾಗಿತ್ತು. ಆದರೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ತಯಾರಿಸಿದ ದಾದಾಸಾಹೇಬ ಫಾಲ್ಕೆಯವರು ಅದನ್ನು ಸೂರತ್ತಿಗೆ ಕೊಂಡೊಯ್ದಾಗ ಅಲ್ಲಿಯ ಜನ ಬೇರೆಯಾಗಿದ್ದರು. ಎರಡಾಣೆಗೆ ಆರು ಗಂಟೆಯ ನಾಟಕ ನೋಡಿ ರೂಢಿಯಾದವರು ಮೂರಾಣೆ ಕೊಟ್ಟು ಒಂದೂವರೆ ಗಂಟೆಯ ಆಟಕ್ಕೆ ಯಾಕೆ ಬಂದಾರು? ಫಾಲ್ಕೆ ಪ್ರಕಟಣೆಯ ಧಾಟಿಯನ್ನೇ ಬದಲಿಸಿದರು. 57,000 ಫೋಟೋಗಳುಳ್ಳ, ಎರಡು ಮೈಲಿ ಉದ್ದದ ಚಿತ್ರ ಮೂರೇ ಆಣೆಗೆ ದೊರೆಯುತ್ತದೆಂದು ಸಾರಿದರು. ಅದರಲ್ಲಿ ಕಥೆಯ ಮಾತಿಲ್ಲ, ಕಲೆಯ ಮಾತಿಲ್ಲ. ಗಿರಾಕಿಯ ಕೈಯಲ್ಲಿದ್ದ ಅಳತೆಗೋಲಿನಿಂದಲೇ ಸರಕನ್ನು ಅಳೆದು ತೋರಿಸಿದ ಜಾಣ್ಮೆ ಅದು.

ಇನ್ನು ನಮ್ಮ ನಾಡಿನ ಮಾತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಚಿತ್ರಗಳು ಕನ್ನಡ ಮಾತನಾಡತೊಡಗಿದವು. ಅವುಗಳ ಸುದ್ದಿಯನ್ನು ಓದಬಲ್ಲವರು ಮಾತ್ರ ಬಹಳ ಕಡಿಮೆ. 1971ರಷ್ಟು ಈಚಿನ ಜನಗಣತಿಯಲ್ಲಿಯೂ ಈ ರಾಜ್ಯದ ಅಕ್ಷರಸ್ಥರ ಸಂಖ್ಯೆ ಮೂರರಲ್ಲಿ ಒಂದು ಪಾಲನ್ನು ಮುಟ್ಟಿರಲಿಲ್ಲ. ಹಾಗಾಗಿ ಸುದ್ದಿ ಮೊದಲು ಕಿವಿಗೆ ಬೀಳಬೇಕಾಗಿತ್ತು. ಅದಕ್ಕೆ ಊರಿನಲ್ಲಿ ಮೊದಲೇ ಇದ್ದ ಸಾಧನವೆಂದರೆ ಡಂಗುರ. ಸರ್ಕಾರದ ಅಪ್ಪಣೆ, ಕಂದಾಯದ ಗಡುವು, ಜಾತ್ರೆಯ ದಿನ, ಎಲ್ಲವೂ ತಮಟೆಯ ಹಿಂದೆಯೇ ಬರುತ್ತಿದ್ದುವು. ಆ ಸದ್ದು ಕೇಳಿದರೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಚಿತ್ರಮಂದಿರದವರು ಆ ಅಭ್ಯಾಸವನ್ನು ಕಡ ಪಡೆದರು. ಜಟಕಾ ಗಾಡಿಯ ಎರಡು ಪಕ್ಕಕ್ಕೂ ಚಿತ್ರದ ಹಲಗೆಗಳನ್ನು ಕಟ್ಟಿ, ಮುಂದೆ ತಮಟೆ ಬಡಿಸುತ್ತ, ಕೇರಿಕೇರಿಯಲ್ಲಿ ಕೂಗಿ ಹೇಳಿಸಿದರು. ಮುಂದೆ ತಮಟೆಯ ಜಾಗಕ್ಕೆ ಧ್ವನಿವರ್ಧಕ ಬಂತು, ಜಟಕಾದ ಜಾಗಕ್ಕೆ ಆಟೋರಿಕ್ಷಾ ಬಂತು. ಕ್ರಮ ಅದೇ ಉಳಿಯಿತು.

ಆ ಗಾಡಿಯಿಂದ ಗುಲಾಬಿ, ಹಳದಿ, ಹಸಿರು ಬಣ್ಣದ ತೆಳುವಾದ ಕರಪತ್ರಗಳು ಹಾರುತ್ತಿದ್ದುವು. ಮಕ್ಕಳು ಅವುಗಳಿಗಾಗಿ ಗಾಡಿಯ ಹಿಂದೆ ಓಡುತ್ತಿದ್ದರು. ಓದಲು ಬರುವ ಹುಡುಗ ಮನೆಗೆ ಬಂದು ಅಜ್ಜಿಗೆ ಅದನ್ನು ಓದಿ ಹೇಳುತ್ತಿದ್ದ. ಅದರಲ್ಲಿ ಕಥಾಸಾರಾಂಶ ಇರುತ್ತಿತ್ತು. ನಾಯಕಿ ಮನೆ ಬಿಟ್ಟು ಹೊರಟಲ್ಲಿಗೋ ಖಳನಾಯಕನ ಸಂಚು ಫಲಿಸುವಲ್ಲಿಗೋ ಅದು ನಿಂತು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಬೇಕೆಂದು ಕೇಳಿಕೊಳ್ಳುತ್ತಿತ್ತು. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹರಿಕಥೆಯ ದಾಸರಷ್ಟೇ ಚೆನ್ನಾಗಿ ಈ ಹೆಸರಿಲ್ಲದ ಲೇಖಕರೂ ಬಲ್ಲವರಾಗಿದ್ದರು.

ಟೆಂಟ್ ಸಿನಿಮಾದ ಪದ್ಧತಿ ಇನ್ನೂ ಸೊಗಸು. ಗುಡಾರದೊಳಗೆ ಹಗಲಿನ ಬೆಳಕು ನುಗ್ಗುವುದರಿಂದ ಕತ್ತಲಾಗದೆ ಆಟ ಮೊದಲಾಗುವಂತಿರಲಿಲ್ಲ. ಸಂಜೆ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಹಾಡುಗಳು ಮೊದಲಾಗುತ್ತಿದ್ದುವು. ಹಲವು ಊರುಗಳಲ್ಲಿ ಘಂಟಸಾಲ ಹಾಡಿದ ‘ನಮೋ ವೆಂಕಟೇಶ’ ಕೇಳಿಸಿತೆಂದರೆ ಆಟಕ್ಕೆ ಹೊತ್ತಾಯಿತೆಂದು ಅರ್ಥ. ಕೈಗಡಿಯಾರವಿಲ್ಲದವರಿಗೆ ಅದೇ ಗಡಿಯಾರ. ದೂರದ ಹೊಲದಲ್ಲಿದ್ದವನಿಗೂ ಅದು ಕೇಳಿಸುತ್ತಿತ್ತು; ಸಿನಿಮಾಕ್ಕೆ ಹೋಗದ ಗೃಹಿಣಿ ಆ ಹಾಡು ಕೇಳಿ ಒಲೆಗೆ ಅನ್ನದ ಎಸರಿಡುತ್ತಿದ್ದಳು.

ಕಿವಿಯ ಸುದ್ದಿಯನ್ನು ಕಣ್ಣಿಗೆ ನಿಲ್ಲಿಸಿದ್ದು ಭಿತ್ತಿಪತ್ರ. ನಾವು ಸಾಮಾನ್ಯವಾಗಿ ಪೋಸ್ಟರ್ ಎನ್ನುವುದು 30 ಅಂಗುಲ ಅಗಲ, 40 ಅಂಗುಲ ಎತ್ತರದ ಹಾಳೆ. ದೊಡ್ಡ ಗೋಡೆಗಾದರೆ ಹಲವು ಹಾಳೆಗಳನ್ನು ಕೂಡಿಸಿ ಹಚ್ಚುತ್ತಾರೆ. ರಾತ್ರಿ ಸೈಕಲ್ಲಿಗೆ ಏಣಿ ಕಟ್ಟಿಕೊಂಡು, ಮೈದಾ ಹಿಟ್ಟಿನ ಅಂಟಿನ ಡಬ್ಬ ತೂಗಿಬಿಟ್ಟುಕೊಂಡು ಹೋಗುವವನ ಕೆಲಸ ಅದು. ಮೈದಾದ ರುಚಿಗೆ ಬೀದಿಯ ದನಗಳು ಭಿತ್ತಿಪತ್ರವನ್ನೇ ತಿಂದುಬಿಡುವುದರಿಂದ ಕೆಲವರು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ಮುದ್ರಿತ ಹಾಳೆ ಎಲ್ಲ ಊರಿಗೂ ಒಂದೇ. ಆಯಾ ಊರಿನ ಸುದ್ದಿ ಇರುತ್ತಿದ್ದದ್ದು ಅದರ ಮೇಲೆ ಅಂಟಿಸುವ ಸಣ್ಣ ಚೀಟಿಯಲ್ಲಿ: ಚಿತ್ರಮಂದಿರದ ಹೆಸರು, ‘ಇಂದಿನಿಂದ’, ‘ದಿನಕ್ಕೆ 3 ಆಟಗಳು’, ‘2ನೇ ವಾರ’, ಕೊನೆಗೆ ‘ಇಂದೇ ಕಡೆ’. ‘ಇಂದೇ ಕಡೆ’ ಎಂಬ ಚೀಟಿ ಮೂರು ದಿನ ಅಂಟಿಕೊಂಡಿರುತ್ತಿದ್ದುದೂ ಉಂಟು.

ನಗರದಲ್ಲಿ ಚಿತ್ರಮಂದಿರದ ಮುಂಭಾಗವೇ ಪ್ರಕಟಣೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಸಾಗರ್, ಮೇನಕಾ, ಸಂತೋಷ್, ನರ್ತಕಿ ಮುಂತಾದ ಚಿತ್ರಮಂದಿರಗಳ ಎದುರು ನಡೆದು ಹೋದರೆ ಸಾಕಿತ್ತು, ಆ ವಾರದ ಚಿತ್ರಗಳ ಪಟ್ಟಿ ತಾನಾಗಿ ತಿಳಿಯುತ್ತಿತ್ತು. ಆ ಬ್ಯಾನರುಗಳನ್ನು ಬರೆದವರ ವಿಧಾನ ಸರಳ. ಸಣ್ಣ ಛಾಯಾಚಿತ್ರದ ಮೇಲೆ ಚೌಕಗಳನ್ನು ಎಳೆದು, ಬಟ್ಟೆಯ ಮೇಲೂ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದು, ಒಂದೊಂದು ಚೌಕವನ್ನಾಗಿ ತುಂಬುವುದು. ದೂರದಿಂದ, ಓಡುವ ಬಸ್ಸಿನಿಂದ ಕಾಣಬೇಕಾದ ಮುಖವಾದ್ದರಿಂದ ಕೆನ್ನೆಗೆ ಕೆಂಪು, ನೆರಳಿಗೆ ನೀಲಿ ಎಂದು ಧಾರಾಳವಾಗಿ ಬಳಿಯುತ್ತಿದ್ದರು. ಚಿತ್ರ ಬದಲಾದರೆ ಅದೇ ಬಟ್ಟೆಗೆ ಬಿಳಿ ಬಳಿದು ಹೊಸ ಮುಖ. ಎಂ. ಎಫ್. ಹುಸೇನರು ಮುಂಬಯಿಯಲ್ಲಿ ತಮ್ಮ ಬದುಕನ್ನು ಆರಂಭಿಸಿದ್ದು ಇಂಥ ಕೆಲಸದಿಂದಲೇ.

ಇದಕ್ಕೆ ಇನ್ನೊಂದು ಮುಖವಿಲ್ಲವೆಂದು ನಾನು ಹೇಳಲಾರೆ. ಶಾಲೆಯ ಗೋಡೆ, ದೇವಸ್ಥಾನದ ಗೋಡೆ ಎನ್ನದೆ ಹಚ್ಚಿದ ಕಾಗದ ಊರಿನ ಅಂದ ಕೆಡಿಸಿತು. ಸಾರ್ವಜನಿಕ ಸ್ಥಳಗಳ ಅಂದಗೇಡನ್ನು ತಡೆಯಲು 1981ರಲ್ಲಿ ಕರ್ನಾಟಕದಲ್ಲಿ ಕಾಯಿದೆಯೇ ಬಂತು. ಕೈಬರಹದ ಬ್ಯಾನರನ್ನು ಮೂಲೆಗೆ ತಳ್ಳಿದ ಪ್ಲಾಸ್ಟಿಕ್ ಫ್ಲೆಕ್ಸ್‌ಗೂ 2016ರಲ್ಲಿ ರಾಜ್ಯದಲ್ಲಿ ನಿಷೇಧ ಬಂತು.

ಆದರೆ ನಿಜವಾದ ಬದಲಾವಣೆ ಬೇರೆ ಕಡೆಯಿಂದ ಬಂದಿದೆ. ಒಂದು ಕಟ್ಟಡಕ್ಕೆ ಒಂದೇ ತೆರೆ ಇದ್ದಾಗ ಆ ಕಟ್ಟಡವೇ ಚಿತ್ರದ ಹೆಸರನ್ನು ಹೇಳುತ್ತಿತ್ತು. ಒಂದೇ ಸೂರಿನಡಿ ಹತ್ತು ಹನ್ನೊಂದು ತೆರೆಗಳಿದ್ದು, ಒಂದು ತೆರೆಯಲ್ಲಿ ಬೆಳಿಗ್ಗೆ ಒಂದು, ರಾತ್ರಿ ಇನ್ನೊಂದು ಚಿತ್ರ ಓಡಿದರೆ ಯಾವ ಬ್ಯಾನರು ತಾನೆ ಅದನ್ನು ಹೇಳೀತು? 2007ರಲ್ಲಿ ಆರಂಭವಾದ ಬುಕ್‌ಮೈಶೋದಂಥ ಸೇವೆಗಳು ಆ ಕೆಲಸವನ್ನು ಕೈಗೆತ್ತಿಕೊಂಡವು. ಚಿತ್ರ, ವೇಳೆ, ಉಳಿದ ಆಸನಗಳು ಎಲ್ಲವೂ ಅಂಗೈಯ ಫೋನಿನಲ್ಲಿ ನಿಖರವಾಗಿ ತಿಳಿಯುತ್ತವೆ. ಸರತಿಯ ಸಾಲಿಲ್ಲ, ‘ಹೌಸ್‌ಫುಲ್’ ಹಲಗೆ ನೋಡಿ ಹಿಂದಿರುಗುವ ನಿರಾಶೆಯಿಲ್ಲ. ಇದು ಸಣ್ಣ ಉಪಕಾರವಲ್ಲ.

ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಡಂಗುರ ಎಲ್ಲರ ಬಾಗಿಲಿಗೂ ಬರುತ್ತಿತ್ತು. ಫೋನು ಕೇಳಿದವನಿಗೆ ಮಾತ್ರ ಹೇಳುತ್ತದೆ. ಹೆಸರಾಂತ ನಟನ ಚಿತ್ರವನ್ನು ಜನ ಹುಡುಕಿಕೊಂಡು ಹೋಗುತ್ತಾರೆ. ಹೊಸಬನೊಬ್ಬ ತೆಗೆದ ಸಣ್ಣ ಕನ್ನಡ ಚಿತ್ರವನ್ನು, ಅದರ ಹೆಸರನ್ನೇ ಕೇಳದವರು ಹೇಗೆ ಹುಡುಕಬೇಕು? ಮೊದಲ ಮೂರು ದಿನ ಜನ ಬಾರದಿದ್ದರೆ ಅದರ ಆಟಗಳು ಇನ್ನೊಂದು ಚಿತ್ರದ ಪಾಲಾಗುತ್ತವೆ. ಒಳ್ಳೆಯದೆಂಬ ಮಾತು ಬಾಯಿಂದ ಬಾಯಿಗೆ ಹರಡುವ ಹೊತ್ತಿಗೆ ಅದು ಊರಿನಲ್ಲಿ ಇರುವುದಿಲ್ಲ. ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ ಎಂದು ಅನೇಕ ಚಿತ್ರಗಳ ಬಗೆಗೆ ನಾವು ಹೇಳುವಂತಾಗಿದೆ.

ತಮಟೆಯನ್ನೂ ಜಟಕಾವನ್ನೂ ಮರಳಿ ತರಬೇಕೆಂದು ನನ್ನ ವಾದವಲ್ಲ. ಊರಿನ ಗ್ರಂಥಾಲಯದಲ್ಲಿ, ಬಸ್ ನಿಲ್ದಾಣದಲ್ಲಿ, ಕಾಲೇಜಿನ ಬಾಗಿಲಲ್ಲಿ ಈ ವಾರ ಇಲ್ಲಿ ಯಾವ ಚಿತ್ರಗಳಿವೆ ಎಂದು ಸೀಮೆಸುಣ್ಣದಲ್ಲಿ ಬರೆದ ಒಂದು ಹಲಗೆ ಇದ್ದರೂ ಸಾಕು. ಹೋಗುವುದು ಬಿಡುವುದು ಅವರವರ ಇಷ್ಟ. ತನ್ನ ಭಾಷೆಯಲ್ಲಿ ಒಂದು ಹೊಸ ಚಿತ್ರ ಬಂದಿದೆಯೆಂಬ ಸುದ್ದಿಯಾದರೂ, ಕೇಳದೆ ಇರುವವನ ಕಣ್ಣಿಗೂ ಒಮ್ಮೆ ಬೀಳಬೇಕು.