ಎಂತದ್ದೂ ಅಲ್ಲ, ಹಳ್ಳದ ಮೀನು

ಯಲ್ಲಾಪುರ ಸೀಮೆಯ ಚಂದಗುಳಿಯ ಘಂಟೆ ಗಣಪತಿಯ ಗುಡಿಯಲ್ಲಿ ತಲೆ ಎತ್ತಿದಲ್ಲೆಲ್ಲ ಗಂಟೆ. ಹರಕೆ ತೀರಿದವರು ಕಟ್ಟಿಹೋದ ದೊಡ್ಡ ಗಂಟೆ, ಸಣ್ಣ ಗಂಟೆ, ಹೊಸದಾಗಿ ಹೊಳೆಯುವುದು, ಕಿಲುಬು ಹಿಡಿದದ್ದು. ಯಾರೋ ಬಾರಿಸಿದ ನಾದ ಕಾಡಿನೊಳಗೆ ಕರಗುವವರೆಗೆ ನಿಂತು ಕೇಳಿ, ಅಡಿಕೆ ತೋಟದ ದಾರಿ ಹಿಡಿದು ಇಳಿದೆ. ಏಪ್ರಿಲ್ ಕೊನೆಯ ಬಿಸಿಲು. ತೋಟದ ಕಾದಿಗೆಯಲ್ಲಿ ನೀರು ಒಣಗಿತ್ತು. ಕಾಲಡಿಯಲ್ಲಿ ತರಗೆಲೆ ಚರಚರ ಎನ್ನುತ್ತಿತ್ತು. ತೋಟದಂಚಿನ ಸಂಕದ ಕೆಳಗೆ ಹಳ್ಳ ಹರಿಯುವುದನ್ನು ನಿಲ್ಲಿಸಿ, ಅಲ್ಲಲ್ಲಿ ಗುಂಡಿಯಾಗಿ ಕೂತಿತ್ತು.

ಒಂದು ಗುಂಡಿಯ ಪಕ್ಕ ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತು ನೀರೊಳಗೆ ಬೆರಳಾಡಿಸುತ್ತಿದ್ದ. ಬೆರಳಿಗೆ ಮುತ್ತಿಕೊಂಡ ಪುಟಾಣಿಗಳನ್ನು ತೋರಿಸಿ ಕೇಳಿದೆ, "ಎಂತ ಮೀನೋ ತಮಾ ಇದು?"

"ಇದಾ? ಎಂತದ್ದೂ ಅಲ್ಲ. ಹಳ್ಳದ ಮೀನು."

ಅವನ ತಪ್ಪಲ್ಲ. ಬಾಳೆ ಮೀನಿಗೆ ಹೆಸರುಂಟು, ಹಾವುಮೀನಿಗೆ ಉಂಟು, ಚೇಳುಮೀನಿಗೂ ಉಂಟು. ಸಾರಿಗೆ ಬರುವುದಕ್ಕೆ, ಕಚ್ಚುವುದಕ್ಕೆ ಹೆಸರು ತಾನಾಗಿ ಹುಟ್ಟುತ್ತದೆ. ಶೃಂಗೇರಿ, ಶಿಶಿಲದ ಹೊಳೆಗಳಲ್ಲಿ ಮಂಡಕ್ಕಿ ತಿನ್ನುವ ದೊಡ್ಡ ಮೀನು ದೇವರ ಮೀನಾಯಿತು. ತಿನ್ನುವುದಕ್ಕೂ ಆಗದ, ಕೈಮುಗಿಯುವುದಕ್ಕೂ ಸಾಲದ ಬೆರಳುದ್ದದ ಮೀನು ಮಾತ್ರ 'ಎಂತದ್ದೂ ಅಲ್ಲ' ಆಗಿ ಉಳಿಯಿತು.

ಹುಡುಗನ ಪಕ್ಕ ನಾನೂ ಕೂತೆ. ನೀರು ತಿಳಿಯಾಯಿತು.

ಮೊದಲು ಕಂಡದ್ದು ನೀರಿನ ಮೇಲ್ಮೈಗೆ ಒರಗಿದಂತೆ ನಿಂತ ಒಂದು ಮೀನು. ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟು ಇಟ್ಟಂಥ ಚುಕ್ಕೆ. ಸೊಳ್ಳೆಯ ಮರಿಯೊಂದು ಮೇಲೆ ಬಂದದ್ದೇ ತಡ, ಚುಕ್ಕೆ ಮಿಂಚಿತು, ಮರಿ ಇಲ್ಲ. ತಳದ ಕಲ್ಲಿಗೆ ಇನ್ನೊಂದು ಅಂಟಿ ಕೂತಿತ್ತು. ಅದರ ಗದ್ದದ ಕೆಳಗೆ ಬಟ್ಟಲಿನಂಥ ಹಿಡಿ ಇದೆ. ಮಳೆಗಾಲದ ಸೆಳವಿಗೂ ಜಾರದೆ ಕಲ್ಲಿನ ಪಾಚಿ ಕೆರೆದು ತಿನ್ನುತ್ತದೆ, ಒದ್ದೆ ಬಂಡೆಯನ್ನು ಏರಲೂ ಬಲ್ಲದು. ಬೇರಿನ ಸಂದಿಯಲ್ಲಿ ಕುಚ್ಚುಮೀನಿನ ಜಾತಿಯ ಸಣ್ಣದೊಂದು ಅಡಗಿತ್ತು. ಅದರ ಗಂಡು ತತ್ತಿಯನ್ನು ಬಾಯೊಳಗಿಟ್ಟುಕೊಂಡು ಕಾಯುತ್ತದೆ. ಆಮೇಲೆ ನೆರಳಿನಿಂದ ಹೊರಬಂತು ಒಂದು ಹಿಂಡು: ಕೆಂಪು ಮೈ, ಅಡ್ಡಡ್ಡ ಕಪ್ಪು ಪಟ್ಟೆ, ಬಿಸಿಲು ತಾಗಿದಲ್ಲಿ ಹೊನ್ನಿನ ಹೊಳಪು. ಸಹಜವಾಗಿ ಇವು ಇರುವುದು ಪಶ್ಚಿಮ ಘಟ್ಟದ ನೀರಿನಲ್ಲಿ ಮಾತ್ರ. ದೂರದೇಶದವರು ಇಂಥದ್ದನ್ನು ಹಣ ಕೊಟ್ಟು ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರೆ.

ಈ ಪಟ್ಟೆ ಮೀನಿಗೆ ವಿಜ್ಞಾನದಲ್ಲಿ ಹೆಸರುಂಟು: ಹಾಲುದಾರಿಯಾ ಫ್ಯಾಸಿಯಾಟ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಗಂಗಾ ಬಯಲಿನ ಮೀನುಗಳ ಬಗ್ಗೆ 1822ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್‌ಗೆ ಮೀನಿನ ಚಿತ್ರ ಬರೆದುಕೊಟ್ಟವನು ಹಾಲುದಾರ್ ಎಂಬ ಬಂಗಾಳಿ ಕಲಾವಿದ. ಅವನ ನೆನಪಿಗೆ 2013ರಲ್ಲಿ ಈ ಕುಲಕ್ಕೆ ಅವನ ಹೆಸರಿಟ್ಟರು. ಅದೇ ಬುಕಾನನ್ 1801ರಲ್ಲಿ ಸೋಂದಾ, ಯಲ್ಲಾಪುರಗಳ ಮೂಲಕ ಹಾದುಹೋದವನು. ಕಲ್ಲಿಗೆ ಅಂಟುವ ಮೀನಿನ ಹೆಸರು ಗಾರಾ ಮುಲ್ಯಾ. 1839ರಲ್ಲಿ ಅದನ್ನು ದಾಖಲಿಸಿದ ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖನ್ನಿನ ಜನ ಕರೆಯುತ್ತಿದ್ದ ಹೆಸರನ್ನೇ ಶಾಸ್ತ್ರಕ್ಕೆ ಎತ್ತಿಕೊಂಡ. ದೇವರ ಮೀನಿನ ಶಾಸ್ತ್ರೀಯ ಹೆಸರಿನಲ್ಲಿರುವ 'ಖುದ್ರೀ' ಕೂಡ ಹಾಗೆ ಬಂದದ್ದು. ಊರಿನವರ ಬಾಯಲ್ಲಿದ್ದ ಮಾತು ಜಗತ್ತಿನ ಪುಸ್ತಕ ಸೇರಿತು.

ಎಣಿಕೆ ಇನ್ನೂ ಮುಗಿದಿಲ್ಲ. ಸಿದ್ದಾಪುರದ ಅಂಚಿನಲ್ಲಿ ಹರಿಯುವ ಶರಾವತಿಯ ಕಣಿವೆಯಿಂದ 2004ರಲ್ಲಿ ಒಂದು ಪುಟ್ಟ ಮೀಸೆಮೀನು, 2006ರಲ್ಲಿ ಮರಳಿನ ಬಣ್ಣಕ್ಕೆ ಬೆರೆತುಹೋಗುವ ಎರಡು ತಳಮೀನುಗಳು ವಿಜ್ಞಾನಕ್ಕೆ ಹೊಸದಾಗಿ ಸೇರಿದವು. ಅವುಗಳ ಹೆಸರಿನಲ್ಲಿ ಶರಾವತಿ ಇದೆ, ಆ ಕಣಿವೆಯ ನಾಗೋಡಿ ಇದೆ. ಮಕ್ಕಳು ಕಾಲಾಡಿಸುವ ನೀರಿನಲ್ಲೇ ಇದ್ದವು.

ಜೂನ್ ಬಂದರೆ ಈ ಗುಂಡಿಗಳೆಲ್ಲ ಒಂದಾಗುತ್ತವೆ. ಮೊದಲ ಮಳೆಗೆ ಹಳ್ಳ ಕೆಂಪಗೆ ಉಕ್ಕುತ್ತದೆ. ಹೊಟ್ಟೆ ತುಂಬ ತತ್ತಿ ಹೊತ್ತ ಮೀನು ಸೆಳವಿಗೆ ಎದುರಾಗಿ ಗದ್ದೆಗೆ, ಕಾದಿಗೆಗೆ ಏರುತ್ತದೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇದನ್ನೇ. ಟಾರ್ಚು, ಬಲೆ, ಕತ್ತಿ ಹಿಡಿದವರು ರಾತ್ರಿ ಕಾಯುವುದೂ ಇದನ್ನೇ. ಹತ್ತುವಾಗ ಹಿಡಿದದ್ದು ಒಂದು ಮೀನಲ್ಲ, ಮುಂದಿನ ವರ್ಷದ ಹಳ್ಳ.

ಒಮ್ಮೆ ಅಳಿದರೆ ಮತ್ತೆ ಬರುವ ದಾರಿಯೂ ಇಲ್ಲ. ಬೇಡ್ತಿ ಹೊಳೆ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ಒದ್ದೆ ಬಂಡೆ ಏರಬಲ್ಲ ಮೀನಿಗೂ ಆ ಗೋಡೆ ದಾಟಲಾಗದು. ಘಟ್ಟದ ಮೇಲಿನ ನೀರಿನಲ್ಲಿ ಒಂದು ಜಾತಿ ಮುಗಿದರೆ ಕೆಳಗೆ ಗಂಗಾವಳಿ ಎನಿಸಿಕೊಳ್ಳುವ ಅದೇ ಹೊಳೆ ಅದನ್ನು ತುಂಬಿಕೊಡಲಾರದು. 1980ರ ದಶಕದ ಆರಂಭದಲ್ಲಿ ಶಿರಸಿ, ಯಲ್ಲಾಪುರದ ಜನ ಬೇಡ್ತಿಗೆ ಅಣೆಕಟ್ಟು ಬೇಡವೆಂದು ನಿಂತು ತೋಟ ಉಳಿಸಿಕೊಂಡರು, ಕಾಡು ಉಳಿಸಿಕೊಂಡರು. ಹೊಳೆಯ ಮೀನಿನ ಹಾದಿಯೂ ಅವರಿಂದಲೇ ಉಳಿಯಿತು.

ಈಗಿನ ಅಪಾಯ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಬೇಸಿಗೆಯಲ್ಲಿ ಪಂಪು ಗುಂಡಿಯ ತಳ ಮುಟ್ಟುತ್ತದೆ. ಒಂದು ಮುಷ್ಟಿ ಬ್ಲೀಚಿಂಗ್ ಪುಡಿ ಇಡೀ ಗುಂಡಿಯ ಉಸಿರು ತೆಗೆಯುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಮೀನಿಗೆ ವಿಷ. ತೋಟಕ್ಕೆ ಅದು ಬೇಕು, ನಿಜ. ಆದರೆ ಡ್ರಮ್ಮು ತೊಳೆದ ನೀರು ಹಳ್ಳಕ್ಕೇ ಹೋಗಬೇಕಾಗಿಲ್ಲ. ಸೊಳ್ಳೆ ತಿನ್ನಲೆಂದು 1928ರಲ್ಲಿ ಹೊರದೇಶದ ಗ್ಯಾಂಬೂಸಿಯಾವನ್ನು ತಂದರು. ಅದು ಬೇರೆ ಮೀನಿನ ತತ್ತಿ, ಮರಿಯನ್ನೂ ತಿನ್ನುತ್ತದೆ. 1952ರಲ್ಲಿ ಬಂದ ತಿಲಾಪಿಯಾ ಕೆರೆಕೆರೆಯನ್ನೂ ಆಕ್ರಮಿಸಿತು. ನೆತ್ತಿಬೊಟ್ಟಿನ ನಮ್ಮ ಮೀನು ಸೊಳ್ಳೆ ತಿನ್ನುವ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತ ಬಂದಿದೆ.

ಹೊರಡುವಾಗ ಹುಡುಗನಿಗೆ ಬೊಟ್ಟು ತೋರಿಸಿದೆ, ಅಂಟುವ ಬಾಯಿ ತೋರಿಸಿದೆ, ಪಟ್ಟೆ ಎಣಿಸಲು ಹೇಳಿದೆ. ಅವನು ನನ್ನನ್ನು ಮರೆತು ನೀರಿಗೆ ಬಗ್ಗಿದ.

ನಿಮ್ಮ ತೋಟದ ಕೆಳಗೂ ಇಂಥದೊಂದು ಗುಂಡಿ ಇದ್ದೀತು. ಪಂಪು ಹಾಕುವಾಗ ಮೊಣಕಾಲುದ್ದ ನೀರು ಬಿಡಿ. ಮೊದಲ ಮಳೆಯ ಮೀನನ್ನು ಹತ್ತಲು ಬಿಡಿ. ಮಕ್ಕಳನ್ನು ಕರೆದೊಯ್ದು ತೋರಿಸಿ, ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಗೊತ್ತಿರುವ ಹೆಸರು ಕೇಳಿ ಬರೆದಿಡಿ. ಅವರಿಗೂ ಗೊತ್ತಿಲ್ಲದಿದ್ದರೆ ನೀವೇ ಒಂದು ಹೆಸರಿಟ್ಟು ಕರೆಯಿರಿ.