ಒಂದೇ ಸಂಪುಟದ ಅದ್ಭುತಲೋಕ

ಇಂಗ್ಲಿಷಿನ ಅದ್ಭುತ ಕಾದಂಬರಿಗಳನ್ನು ಓದಹೊರಟವನಿಗೆ ಮೊದಲು ಎದುರಾಗುವುದು ಸಂಪುಟಗಳ ಸಂಖ್ಯೆ. ಒಂದೇ ಹೊತ್ತಗೆಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುವ ಕಥೆಯನ್ನು ಅರಸಿ ತೆಗೆಯಬೇಕು.

ಈ ರೂಢಿಗೆ ಟೋಲ್ಕಿನ್ನರೇ ಮೇಲ್ಪಂಕ್ತಿಯೆಂದು ಹಲವರ ಎಣಿಕೆ. ಆದರೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅವರ ಪಾಲಿಗೆ ಅಖಂಡವಾದ ಒಂದು ಕೃತಿ. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಕಾಗದ ದುಬಾರಿ. ಪ್ರಕಾಶಕರಿಗೆ ನಷ್ಟದ ಭಯ. ಆದ್ದರಿಂದ 1954-55ರಲ್ಲಿ ಅದು ಮೂರು ಭಾಗಗಳಾಗಿ ಹೊರಬಂದಿತು. ಅಂಗಡಿಯ ಲೆಕ್ಕಾಚಾರ ಮುಂದಿನವರಿಗೆ ಕಾವ್ಯಲಕ್ಷಣವಾಯಿತು!

ಲೇಖಕರ ಕಷ್ಟವೂ ಉಂಟು. ಭೂಪಟ, ವಂಶಾವಳಿ, ಭಾಷೆಗಳೊಡನೆ ಕಟ್ಟಿದ ಲೋಕವನ್ನು ಒಂದೇ ಕಥೆಗೆ ಬಳಸಿ ಬಿಡಲು ಯಾರಿಗೆ ಮನಸ್ಸು ಬಂದೀತು? ಆದರೆ ಆಯುಸ್ಸು ಲೇಖಕನ ಕೈಯಲ್ಲಿಲ್ಲ. ರಾಬರ್ಟ್ ಜೋರ್ಡನ್ 1990ರಲ್ಲಿ ತೊಡಗಿದ 'ದಿ ವೀಲ್ ಆಫ್ ಟೈಮ್' ಮುಗಿಯುವ ಮುನ್ನವೇ 2007ರಲ್ಲಿ ತೀರಿಕೊಂಡರು. ಬ್ರಾಂಡನ್ ಸ್ಯಾಂಡರ್ಸನ್ 2013ರಲ್ಲಿ ಹದಿನಾಲ್ಕನೆಯ ಸಂಪುಟದಿಂದ ಅದನ್ನು ಪೂರೈಸಿದರು. ಬಾಣಭಟ್ಟನು ಅರ್ಧಕ್ಕೆ ಬಿಟ್ಟ 'ಕಾದಂಬರಿ'ಯನ್ನು ಮಗನು ಮುಗಿಸಿದ ಕಥೆ ನಮಗೆ ಹೊಸದಲ್ಲ. ಈ ಸಾಹಿತ್ಯಪ್ರಕಾರಕ್ಕೆ ಕನ್ನಡದಲ್ಲಿ ನಾವಿಟ್ಟ ಹೆಸರೇ ಆ ಅಪೂರ್ಣ ಕೃತಿಯದು.

ಅದಕ್ಕಾಗಿಯೇ ಸುಸಾನಾ ಕ್ಲಾರ್ಕ್ 2020ರಲ್ಲಿ ಪ್ರಕಟಿಸಿದ 'ಪಿರನೇಸಿ' ನನಗೆ ಪ್ರಿಯ. ಕೊನೆಯಿಲ್ಲದ ಹಜಾರಗಳು, ಸಾಲು ಪ್ರತಿಮೆಗಳು, ಒಳಗೇ ಉಕ್ಕುವ ಕಡಲು: ಇಷ್ಟು ದೊಡ್ಡ ಮನೆಯನ್ನು ಪುಟ್ಟ ಪುಸ್ತಕವೊಂದು ಹಿಡಿದಿಟ್ಟಿದೆ. ಮೂಲೆಮೂಲೆಯನ್ನೂ ತೋರಿಸಿ ಮುಗಿಸಿದ ಲೋಕದಲ್ಲಿ ಓದುಗನ ಕಲ್ಪನೆಗೆ ಕೆಲಸವೇನು ಉಳಿದೀತು? ಹೇಳದೆ ಬಿಟ್ಟ ಕೋಣೆಗಳಲ್ಲಿಯೇ ಅದ್ಭುತವು ಬಹುಕಾಲ ವಾಸಿಸುತ್ತದೆ.