ಕನ್ನಡಿಗೊಂದು ಕಾಣದ ಹೊದಿಕೆ

ಮಕ್ಕಳೇ, ಮಳೆಗಾಲದಲ್ಲಿ ಧರ್ಮಸ್ಥಳದ ರಸ್ತೆಯ ನೀರಿನ ಮೇಲೆ ವಾಹನದ ಎಣ್ಣೆ ಬಿದ್ದರೆ ಕಾಮನಬಿಲ್ಲಿನ ಬಣ್ಣ ಕಾಣುತ್ತದೆಯಲ್ಲವೇ? ಎಣ್ಣೆ ಅಲ್ಲಿ ತೀರ ತೆಳುವಾಗಿ ಹರಡಿರುತ್ತದೆ. ಅದರ ಮೇಲ್ಮೈಯಿಂದ ಸ್ವಲ್ಪ ಬೆಳಕು, ತಳದಿಂದ ಸ್ವಲ್ಪ ಬೆಳಕು ಪ್ರತಿಫಲಿಸುತ್ತದೆ. ಈ ಎರಡು ಅಲೆಗಳು ಹೊಂದಿಕೊಂಡರೆ ಆ ಬಣ್ಣ ಹೊಳೆಯುತ್ತದೆ, ಹೊಂದದಿದ್ದರೆ ಮಂಕಾಗುತ್ತದೆ. ಯಾವ ಬಣ್ಣ ಹೊಳೆಯಬೇಕೆಂಬುದನ್ನು ಪದರದ ದಪ್ಪ ನಿರ್ಧರಿಸುತ್ತದೆ. ವಿಜ್ಞಾನಿಗಳು ಇಂತಹ ತೆಳುಪದರವನ್ನು ದೂರದರ್ಶಕದ ಕನ್ನಡಿಗೂ ಹಚ್ಚುತ್ತಾರೆ.

ಕಣ್ಣಿಗೆ ಕಾಣದ ಬೆಳಕು

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಒಂದು ನ್ಯಾನೋಮೀಟರ್! 400ಕ್ಕಿಂತ ಕಡಿಮೆ ಇದ್ದರೆ ಅದು ನೇರಳಾತೀತ ಬೆಳಕು. ಬಿಸಿಯಾದ ಎಳೆಯ ನಕ್ಷತ್ರಗಳು ಇದನ್ನು ಹೇರಳವಾಗಿ ಸೂಸುತ್ತವೆ. ಆದರೆ ಸುಮಾರು 290ಕ್ಕಿಂತ ಕಡಿಮೆ ತರಂಗದೂರದ ಬೆಳಕನ್ನು ವಾತಾವರಣ ತಡೆಯುತ್ತದೆ. ಆದ್ದರಿಂದ ದೂರದರ್ಶಕವೇ ಆಕಾಶಕ್ಕೆ ಹೋಗಬೇಕು.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಇಂತಹ ದೂರದರ್ಶಕವಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ಅದನ್ನು ಹೊಸಕೋಟೆಯ ಪ್ರಯೋಗಾಲಯದಲ್ಲಿ ಜೋಡಿಸಲಾಯಿತು. ಅದರ ಒಂದು ವಿಭಾಗ 130ರಿಂದ 180 ನ್ಯಾನೋಮೀಟರ್‌ವರೆಗಿನ ಬೆಳಕನ್ನು ನೋಡುವಂಥದ್ದು.

ಫ್ಲೋರೈಡ್ ಏಕೆ ಬೇಕು?

ನೇರಳಾತೀತ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುವ ಲೋಹ ಅಲ್ಯೂಮಿನಿಯಂ. ಆದರೆ ಗಾಳಿ ತಾಗಿದ ಕೂಡಲೇ ಅದರ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ನಮ್ಮ ಕಣ್ಣಿಗೆ ಕನ್ನಡಿ ಹೊಳೆಯುತ್ತಲೇ ಇರುತ್ತದೆ. ಆದರೆ 200ಕ್ಕಿಂತ ಕಡಿಮೆ ತರಂಗದೂರದ ಬೆಳಕನ್ನು ಆ ಪದರ ಹೀರಿಬಿಡುತ್ತದೆ. ಆಗ ಕನ್ನಡಿ ಕುರುಡಾದಂತೆಯೇ ಸರಿ.

ಇದಕ್ಕೆ ಪರಿಹಾರ ಮೆಗ್ನೀಸಿಯಂ ಫ್ಲೋರೈಡ್. ಇದರಲ್ಲಿ ಎಲೆಕ್ಟ್ರಾನುಗಳನ್ನು ಫ್ಲೋರಿನ್ ಬಿಗಿಯಾಗಿ ಹಿಡಿದಿರುತ್ತದೆ. ಹಾಗಾಗಿ ಸುಮಾರು 115 ನ್ಯಾನೋಮೀಟರ್‌ವರೆಗಿನ ಬೆಳಕೂ ಹೀರಲ್ಪಡದೆ ದಾಟಿಹೋಗುತ್ತದೆ. ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಮೊದಲು ಅಲ್ಯೂಮಿನಿಯಂ, ಅದರ ಬೆನ್ನಿಗೇ ಫ್ಲೋರೈಡ್ ಆವಿಯನ್ನು ಕನ್ನಡಿಯ ಮೇಲೆ ಕೂರಿಸುತ್ತಾರೆ. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಕನ್ನಡಿಯಲ್ಲಿ ಈ ಹೊದಿಕೆಯ ದಪ್ಪ ಸುಮಾರು 25 ನ್ಯಾನೋಮೀಟರ್ ಮಾತ್ರ. ದಪ್ಪ ಹೆಚ್ಚುಕಡಿಮೆಯಾದರೆ ಎಣ್ಣೆಯ ಬಣ್ಣ ಬದಲಾಗುವಂತೆ ಇಲ್ಲಿಯೂ ಯಾವ ಬೆಳಕು ಹೊಳೆಯಬೇಕೋ ಅದೇ ಮಂಕಾದೀತು!

ಹೊದಿಕೆಯ ಮೇಲೆ ಕೊಳೆ ಕೂತರೂ ಅಪಾಯವೇ. ಉಪಗ್ರಹದಿಂದ ಹೊರಬರುವ ಆವಿ ಕನ್ನಡಿಗೆ ಅಂಟಬಾರದೆಂದು ನಮ್ಮ ದೂರದರ್ಶಕದ ಬಾಗಿಲುಗಳನ್ನು ಹಾರಿದ ಬಳಿಕವೂ ಸುಮಾರು ಎರಡು ತಿಂಗಳು ತೆರೆಯಲಿಲ್ಲ. ಆ ಎಚ್ಚರಿಕೆ ಫಲ ಕೊಟ್ಟಿತು. ಸುಮಾರು 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರ ನೇರಳಾತೀತ ಬೆಳಕನ್ನು ಇದು ಹಿಡಿದ ಸುದ್ದಿ 2020ರಲ್ಲಿ ಪ್ರಕಟವಾಯಿತು.

ಮಾಡಿ ನೋಡಿ

ತಂತಿಯ ಬಳೆಯನ್ನು ಸಾಬೂನು ನೀರಿನಲ್ಲಿ ಅದ್ದಿ, ನೆಟ್ಟಗೆ ಹಿಡಿಯಿರಿ. ನೀರು ಕೆಳಗಿಳಿದಂತೆ ಪೊರೆಯ ಮೇಲ್ಭಾಗ ತೆಳುವಾಗುತ್ತದೆ. ಅಲ್ಲಿ ಬಣ್ಣಗಳು ಯಾವ ಕ್ರಮದಲ್ಲಿ ಬದಲಾದವು? ಬರೆದುಕೊಳ್ಳಿ, ಗೆಳೆಯರೊಂದಿಗೆ ಚರ್ಚಿಸಿ.